ಬೆಂಕಿಗೊಂದು ಮೂಗು

ಅತ್ತಿಗುಂಡಿಯಿಂದ ಫೋನು: ‘ನೀವು ಕೂರಿಸಿಹೋದ ಒಲೆ
ಹೊಗೆಯನ್ನು ಮನೆಯೊಳಗೇ ಉಗುಳುತ್ತಿದೆ.
ಬಾಣಂತಿ ಇರುವ ಮನೆ, ಬನ್ನಿ.’
ಮಾಗಿಯ ಬೆಳಗು. ಉಪ್ಪಳ್ಳಿಯ ಶೆಡ್ಡಿಗೆ ಬೀಗ ಜಡಿದು
ಇಮ್ತಿಯಾಜನನ್ನು ಬೈಕಿನ ಹಿಂದೆ ಕೂರಿಸಿಕೊಂಡೆ,
ಬೇಕಾದೀತೆಂದು ಅವನ ಭುಜಕ್ಕೊಂದು ಉದ್ದ ಕೊಳವೆ.
ಕೈಮರ ದಾಟುವಾಗ ನನ್ನ ಬೆರಳು ಯಾರವೋ ಆಗಿದ್ದವು.

ಒಲೆ ನನ್ನದೇ. ಡೀಸೆಲ್ ಡ್ರಮ್ಮಿನ ಹೊಟ್ಟೆ ಕೊಯ್ದು
ಲಾರಿಯ ಪಟ್ಟಿಯಿಂದ ಕಾಲು,
ಹಳೇ ತಕ್ಕಡಿಯ ತಟ್ಟೆಯಿಂದ ಬಾಗಿಲು.
ಎರಡು ತಿಂಗಳು ಅದು ತಂಟೆಯಿಲ್ಲದೆ ಉರಿದದ್ದಕ್ಕೆ
ಕೂಸಿನ ಅಪ್ಪ ರಂಗೇಶನೇ ಸಾಕ್ಷಿ.
‘ಆಗ ಉರೀತಿತ್ತು, ಈಗ ಇಲ್ಲ’ ಅಂದ.
ನನ್ನ ಕಸುಬಿನಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು.

ಮೊದಲು ಸೌದೆ. ಎರಡು ತುಂಡು ಒಂದಕ್ಕೊಂದು ಬಡಿದೆ:
ಟಣ್ ಎಂದರೆ ಒಣಗಿದ್ದು, ದಬ್ ಎಂದರೆ ಇನ್ನೂ ಮರ.
ಟಣ್ ಎಂದಿತು. ಕಾಫಿ ಬೊಡ್ಡೆ, ಎರಡು ಬೇಸಿಗೆ ಕಂಡದ್ದು.
ಬೂದಿ ಗೋರಿದೆ; ಜಾಲರಿ ಚೊಕ್ಕ.
ಮೊಣಕೈ ಕೊಳವೆ ಕಳಚಿ ಅಂಗಳದಲ್ಲಿ ಕುಟ್ಟಿದೆ;
ಒಂದು ಹಿಡಿ ಮಸಿ, ಒಂದು ಸತ್ತ ಕಣಜ, ಅಷ್ಟೆ.
ಹೆಂಚು ಹತ್ತಿದ ಇಮ್ತಿಯಾಜ್ ಕೂಗಿದ:
‘ಉಸ್ತಾದ್, ಇಲ್ಲಿಂದ ನಿಮ್ಮ ಕಣ್ಣು ಕಾಣ್ತಿದೆ!’

ಮತ್ತೆ ಜೋಡಿಸಿ ಹಚ್ಚಿದೆ. ಬೆಂಕಿ ಒಂದು ಸಲ ಎದ್ದು ನೋಡಿ
ಮುಸುಕೆಳೆದುಕೊಂಡಿತು.
ಮೂಲೆಯಲ್ಲಿ ಸುಗುಣ, ಕಿವಿಗೆ ಹತ್ತಿ, ತಲೆಗೆ ಮಫ್ಲರು,
ಸೆರಗಿನಡಿ ಹದಿನೆಂಟು ದಿನದ ಕೆಮ್ಮು.
ಅವಳ ತಾಯಿ ನಿಂಗಾಜಮ್ಮ ನನ್ನನ್ನೇ ನೋಡುತ್ತಿದ್ದಳು,
ತೂಕದಲ್ಲಿ ಮೋಸ ಮಾಡಿದವನನ್ನು ನೋಡುವ ಹಾಗೆ.

ನೋಡಬೇಕಾದ್ದೆಲ್ಲ ನೋಡಿ ಮುಗಿದು
ಕೈಯಲ್ಲಿ ಸ್ಪ್ಯಾನರ್ ಸುಮ್ಮನೆ ತೂಗುವ
ಗಳಿಗೆಯೊಂದು ಬರುತ್ತದೆ. ಬಂತು.
ಬೆಲ್ಲದ ಕಾಫಿಯೂ ಬಂತು.
ರಂಗೇಶ ಹೊಸ್ತಿಲಲ್ಲಿ ನಿಂತು, ಬಾಗಿಲು ತೆರೆದು,
ಹೊರಗಿನ ಹುಡುಗನಿಗೆ ಲೋಟ ದಾಟಿಸುವಾಗ
ನನ್ನ ಬೆನ್ನಹಿಂದೆ ಒಲೆ ಭುಗ್ಗೆಂದಿತು.
‘ಬಾಗ್ಲು!’ ಅಂದಳು ಮುದುಕಿ. ಮುಚ್ಚಿದ. ಉಸ್.
‘ತೆಗಿ’ ಅಂದೆ. ಭುಗ್. ‘ಹಾಕೋ ಅಂದ್ರೆ!’ ಉಸ್.
ನಾವಿಬ್ಬರೂ ಸೇರಿ ಆ ಬಡಪಾಯಿಯನ್ನು
ತಿದಿಯ ಹಾಗೆ ಒತ್ತಿದೆವು.

ಆಗ ಗೋಡೆ ನೋಡಿದೆ.
ಕಿಟಕಿಯ ಸಂದಿಗೆ ಸೀರೆಯಂಚು,
ಹೆಂಚಿನಡಿ ಗೊಬ್ಬರದ ಚೀಲ, ಬೆಳಕಿಂಡಿಗೆ ದಿಂಬು,
ಬೀಗದ ತೂತಿಗೂ ಹತ್ತಿಯ ಉಂಡೆ.
ಒಂದೊಂದೇ ಗಾಳಿಯನ್ನು ಹುಡುಕಿ ಕತ್ತು ಹಿಸುಕಿದ್ದಳು.
ನನ್ನ ಬೆಸುಗೆಯೂ ಇಷ್ಟು ಬಿಗಿ ಇಲ್ಲ.

‘ಅಮ್ಮಾ, ಬೆಂಕಿಗೆ ಉಸಿರಿಲ್ಲ.’
‘ಕೂಸಿಗೆ ಗಾಳಿ ತಾಕಬಾರದು.’
‘ಒಲೆಗೆ ಬೇಕು.’
‘ನಿನ್ನೊಲೆ ನೀನು ನೋಡ್ಕೊ, ನನ್ನ ಕೂಸು ನಾನು ನೋಡ್ಕೋತೀನಿ.’
ಕಣ್ಣಿಗೆ ಕಾಣದ ಹೊಗೆಯೂ ಒಂದಿದೆ,
ಅದು ನಿದ್ದೆಯ ಹಾಗೆ ಬರುತ್ತದೆ ಎಂದು
ಹೇಳಹೊರಟು, ಸುಗುಣನ ಮುಖ ನೋಡಿ ನುಂಗಿದೆ.
ಅಂಗಳಕ್ಕೆ ಕರೆದು ಮುದುಕಿಯೊಬ್ಬಳಿಗೇ ಹೇಳಿದೆ.
ಅವಳು ಬಹಳ ಹೊತ್ತು ಬೆಟ್ಟ ನೋಡಿದಳು.
ಒಳಗೆ ಹೋಗಿ, ಬೆಳಕಿಂಡಿಯ ದಿಂಬನ್ನು
ತಾನೇ ಕಿತ್ತಳು.

ಉದ್ದ ಕೊಳವೆ ಬೇಕಾಯಿತು.
ಗೋಡೆಯ ಬುಡ ಕೊರೆದು, ನೆಲದ ಗುಂಟ ಎಳೆದು
ಒಲೆಯ ಹೊಟ್ಟೆಗೇ ಸೇರಿಸಿದೆ;
ಹೊರಬಾಯಿಗೆ ಇಲಿ ನುಗ್ಗದಂತೆ ಬಲೆ.
ಬೆಟ್ಟದ ಗಾಳಿ ಈಗ ಕೂಸಿನ ಮಗ್ಗುಲಲ್ಲೇ,
ಕಬ್ಬಿಣದೊಳಗೆ, ಯಾರನ್ನೂ ಮುಟ್ಟದೆ
ನೇರ ಬೆಂಕಿಗೆ ಹೋಗುತ್ತದೆ.

ಹೊಗೆ ಮೇಲೆ ಹತ್ತಿತು.
ನಿಂಗಾಜಮ್ಮ ಬಗ್ಗಿ, ಕೊಳವೆಗೆ ಅಂಗೈಯಿಟ್ಟು,
‘ಅಯ್ಯೋ, ಏನು ಥಂಡಿ’ ಎಂದು
ಅದಕ್ಕೂ ಒಂದು ಹಳೇ ಮಫ್ಲರು ಸುತ್ತಿದಳು.